ಅಪ್‌ಡೇಟ್: ಅಮ್ಮನ ಅಂಗಾಲಿನ ಮಚ್ಚೆ ತೋರಿಸಿಕೊಂಡು ಬಂದೆವು

ಅಮ್ಮನ ಅಂಗಾಲಿನ ಮಚ್ಚೆ 6 ತಿಂಗಳಿಂದ ದೊಡ್ಡದಾಗ್ತಿದೆ, ತೋರಿಸಬೇಕಾ ಅಂತ ಕೇಳಿದ್ದೆ. ತಡ ಮಾಡಬೇಡಿ ಅಂದವರಿಗೆಲ್ಲ ಮನಸಾರೆ ಧನ್ಯವಾದ.

ಡೊಂಬಿವಲಿಯಿಂದ ಲೋಕಲ್ ರೈಲು ಹಿಡಿದು ಮುಂಬಯಿಯ ದಾದರ್‌ನಲ್ಲಿ ಚರ್ಮದ ಡಾಕ್ಟರಿಗೆ ತೋರಿಸಿದೆವು. "ಚಿಕ್ಕಂದಿನಿಂದ ಇರೋದೇ, ಅದೃಷ್ಟದ ಮಚ್ಚೆ ಕಣೋ" ಅಂತ ಅಮ್ಮ ಠಾಣೆ ದಾಟುವವರೆಗೂ ಹೇಳ್ತಾನೇ ಇದ್ದಳು. ಡಾಕ್ಟರು ಜೆಲ್ ಹಚ್ಚಿ ಡರ್ಮೋಸ್ಕೋಪ್ (ಚರ್ಮವನ್ನು ದೊಡ್ಡದಾಗಿ ತೋರಿಸುವ ಲೆನ್ಸ್) ಇಟ್ಟು ನನಗೂ ತೋರಿಸಿದರು. ಒಂದು ಅಂಚು ಹರಿದ ಕಾಗದದ ಹಾಗೆ, ಅರ್ಧ ಕಂದು, ಅರ್ಧ ಕಡುಗಪ್ಪು. ಅಳತೆ 8 ಮಿ.ಮೀ. 6 ಮಿ.ಮೀ. ದಾಟಿದ್ದರೆ ಗಮನಿಸಬೇಕಂತೆ, ಆದರೆ ಅಳತೆಗಿಂತ ಮಚ್ಚೆ ಬದಲಾಗ್ತಿರೋದೇ ಕ್ಯಾನ್ಸರ್ ಇರಬಹುದು ಅನ್ನೋದಕ್ಕೆ ದೊಡ್ಡ ಸುಳಿವು. ರಕ್ತ ಬಂದರೆ, ತುರಿಸಿದರೆ ಕೂಡಲೇ ಹೋಗಬೇಕು. ನಮ್ಮಂಥ ಕಂದು ಮೈಬಣ್ಣದವರಲ್ಲಿ ಮೆಲನೋಮಾ (ಮಚ್ಚೆಯ ಹಾಗೆ ಕಾಣುವ ಒಂದು ಚರ್ಮದ ಕ್ಯಾನ್ಸರ್) ಅಪರೂಪ, ಬಂದರೆ ಹೆಚ್ಚಾಗಿ ಅಂಗಾಲು, ಅಂಗೈ, ಉಗುರಿನ ಅಡಿಯಲ್ಲೇ. ಬಿಸಿಲು ಬೀಳದ ಜಾಗ ಅಂತ ನಾನು ನಿರಾಳವಾಗಿದ್ದೆನಲ್ಲ, ಅದು ತಪ್ಪು.

ಮಚ್ಚೆಯನ್ನು ಪೂರ್ತಿ ತೆಗೆದು ಬಯಾಪ್ಸಿಗೆ ಕಳಿಸಿದರು. ರಿಪೋರ್ಟ್ ಬಂತು: ಕ್ಯಾನ್ಸರ್ ಅಲ್ಲ! ಜೀವಕೋಶಗಳು ಸ್ವಲ್ಪ ಅಸಹಜ, ಅಷ್ಟೇ. ಉಳಿದ ಮಚ್ಚೆಗಳ ಫೋಟೋ ಪಕ್ಕದಲ್ಲಿ ಸ್ಕೇಲ್ ಇಟ್ಟು ತೆಗೆದಿಡಿ ಅಂದಿದ್ದಾರೆ. ನಿನ್ನೆ ಹೊಲಿಗೆ ಬಿಚ್ಚಿದರು, ಅಮ್ಮ ಹಿಮ್ಮಡಿಯೂರಿ ಮೆಲ್ಲಗೆ ಅಡುಗೆಮನೆ ತನಕ ನಡೆದಳು.