ಪುಣೆಯಲ್ಲಿ ಬಾಡಿಗೆ ಮನೆ: 11 ತಿಂಗಳ ನೋಟರಿ ಕರಾರು ಸಾಕಾ?

ವಾಕಡ್ ಹೊಸಬ:
ನಮಸ್ಕಾರ್ರಿ. ವಾಕಡ್‌ನಲ್ಲಿ ಒಂದು ಫ್ಲ್ಯಾಟ್ ನೋಡಿದ್ದೇವೆ. ಬಾಡಿಗೆ 24,000, ಡಿಪಾಜಿಟ್ 75,000. ಮಾಲೀಕರು ಬೆಳಗಾವಿಯಲ್ಲಿದ್ದಾರೆ, ವಯಸ್ಸಾದವರು, ಪುಣೆಗೆ ಬರಲಾರರು. ಏಜೆಂಟರು "500ರ ಸ್ಟಾಂಪ್ ಪೇಪರ್ ಮೇಲೆ 11 ತಿಂಗಳಿಗೆ ಬರೆದು ನೋಟರಿ ಮಾಡಿಸಿ, ಮುಗೀತು" ಅಂತಾರೆ. ಹುಬ್ಬಳ್ಳಿ, ಬೆಂಗಳೂರಿನಲ್ಲಿ ಹಾಗೇ ನಡೀತದ. ಇಲ್ಲೂ ಅಷ್ಟೇನಾ? ಇನ್ನೊಂದು, ಸೊಸೈಟಿಯವರು ಎನ್‌ಒಸಿಗೆ 5,000 ಕೇಳ್ತಿದ್ದಾರೆ. ಅದು ಯಾರು ಕೊಡಬೇಕು?

ಶಿವಾಜಿನಗರ ವಕೀಲರು:
ಅಷ್ಟೇ ಅಲ್ಲ. 11 ತಿಂಗಳ ಲೆಕ್ಕ ಬಂದದ್ದು 1908ರ ನೋಂದಣಿ ಕಾಯ್ದೆಯಿಂದ. ಒಂದು ವರ್ಷ ಮೀರಿದ ಗುತ್ತಿಗೆಗೆ ಅಲ್ಲಿ ನೋಂದಣಿ ಕಡ್ಡಾಯ, ಅದಕ್ಕೇ ಜನ ಒಂದು ತಿಂಗಳು ಕಡಿಮೆ ಬರೆಸುತ್ತಾರೆ. ಮಹಾರಾಷ್ಟ್ರದಲ್ಲಿ ಆ ಕಿಂಡಿ ಮುಚ್ಚಿದೆ. 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆಯ 55ನೇ ಕಲಂ ಪ್ರಕಾರ ಲೀವ್ ಅಂಡ್ ಲೈಸೆನ್ಸ್ ಕರಾರು (ಗುತ್ತಿಗೆಯ ಹಕ್ಕು ಕೊಡದೆ, ಇಷ್ಟು ತಿಂಗಳು ಇರಲು ಅನುಮತಿ ಮಾತ್ರ ಕೊಡುವ ಬಾಡಿಗೆ ಕರಾರು) ಎಷ್ಟೇ ತಿಂಗಳದ್ದಿರಲಿ, ಬರವಣಿಗೆಯಲ್ಲಿರಬೇಕು, ನೋಂದಣಿ ಆಗಬೇಕು. ಮಾಡಿಸುವ ಹೊಣೆ ಮಾಲೀಕರದ್ದು. ತಪ್ಪಿದರೆ 3 ತಿಂಗಳವರೆಗೆ ಜೈಲು, ಅಥವಾ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ನೋಟರಿ ಮುದ್ರೆ ನೋಂದಣಿಗೆ ಬದಲಿ ಅಲ್ಲ.

ದಂಡಕ್ಕಿಂತ ಮಾಲೀಕರು ಹೆದರಬೇಕಾದ್ದು ಬೇರೆ ಇದೆ. ನೋಂದಣಿ ಇಲ್ಲದಿದ್ದರೆ, ಯಾವ ಷರತ್ತಿನ ಮೇಲೆ ಮನೆ ಕೊಟ್ಟದ್ದು ಎಂಬ ಬಗ್ಗೆ ಬಾಡಿಗೆದಾರ ಹೇಳಿದ ಮಾತೇ ನಿಲ್ಲುತ್ತದೆ, ಅದು ಸುಳ್ಳೆಂದು ಸಾಬೀತು ಮಾಡುವ ಕೆಲಸ ಮಾಲೀಕರ ಮೇಲೆ ಬೀಳುತ್ತದೆ. ಕರಾರು ಸರಿಯಾಗಿದ್ದರೆ 24ನೇ ಕಲಂನಡಿ ಅವಧಿ ಮುಗಿದ ಮೇಲೆ ಮನೆ ಬಿಡದವರ ವಿರುದ್ಧ ಸಕ್ಷಮ ಪ್ರಾಧಿಕಾರಕ್ಕೆ ನೇರ ಅರ್ಜಿ ಹಾಕಬಹುದು, ಅವಧಿ ಮೀರಿ ಇದ್ದ ದಿನಗಳಿಗೆ ಬಾಡಿಗೆಯ ದುಪ್ಪಟ್ಟು ಕೇಳಬಹುದು. ಬೆಳಗಾವಿಯಲ್ಲಿ ಕೂತ ಹಿರಿಯರಿಗೆ ಇದನ್ನು ಬಿಡಿಸಿ ಹೇಳಿ, ಅವರೇ ನೋಂದಣಿಗೆ ಮುಂದಾಗುತ್ತಾರೆ.

ಖರ್ಚೂ ದೊಡ್ಡದಲ್ಲ. ಒಟ್ಟು ಬಾಡಿಗೆಗೆ ಡಿಪಾಜಿಟ್ ಮೇಲಿನ ವರ್ಷಕ್ಕೆ 10% ಬಡ್ಡಿ ಕೂಡಿಸಿ, ಅದರ 0.25% ಸ್ಟಾಂಪ್ ಡ್ಯೂಟಿ. ನಿಮ್ಮದಕ್ಕೆ: 24,000 × 11 = 2,64,000. 75,000ಕ್ಕೆ 11 ತಿಂಗಳ ಬಡ್ಡಿ 6,875. ಕೂಡಿಸಿದರೆ 2,70,875. ಡ್ಯೂಟಿ 677 ರೂಪಾಯಿ ಚಿಲ್ಲರೆ. ನೋಂದಣಿ ಶುಲ್ಕ ಮಹಾನಗರಪಾಲಿಕೆ ವ್ಯಾಪ್ತಿಯಲ್ಲಿ 1,000, ಗ್ರಾಮೀಣ ಭಾಗದಲ್ಲಿ 500. ಇದರ ಮೇಲೆ ಆನ್‌ಲೈನ್ ದಾಖಲೆ ನಿರ್ವಹಣೆಯ ಶುಲ್ಕ ಮತ್ತು ಮಾಡಿಸಿಕೊಡುವವರ ಕೂಲಿ.

ನೋಂದಣಿ ಶುಲ್ಕ ಅವಧಿಗೆ ತಕ್ಕಂತೆ ಏರುವುದಿಲ್ಲ ಎಂಬುದನ್ನು ಗಮನಿಸಿ. 11 ತಿಂಗಳಿಗೊಮ್ಮೆ ಮತ್ತೆ 1,000 ತೆತ್ತು ಮತ್ತೆ ಹೆಬ್ಬೆಟ್ಟು ಒತ್ತುವ ಬದಲು 24 ಅಥವಾ 36 ತಿಂಗಳಿಗೆ ಬರೆಸಿ, ಎರಡನೇ ವರ್ಷದ ಏರಿಕೆಯನ್ನೂ ಅದರಲ್ಲೇ ನಮೂದಿಸಿ. 60 ತಿಂಗಳು ಮಾತ್ರ ದಾಟಿಸಬೇಡಿ, ಆಮೇಲೆ ಡ್ಯೂಟಿ ಗುತ್ತಿಗೆಯ ದರಕ್ಕೆ ಹಾರುತ್ತದೆ.

ಹೆಬ್ಬೆಟ್ಟು ಮಷೀನು:
ಮಾಲೀಕರು ಪುಣೆಗೆ ಬರಬೇಕಿಲ್ಲ. ನೋಂದಣಿ ಇಲಾಖೆಯ ಇ-ರಿಜಿಸ್ಟ್ರೇಶನ್‌ನಲ್ಲಿ ಆಧಾರ್ ಆಧಾರಿತ ಬೆರಳಚ್ಚು ಸಾಕು. ಇಬ್ಬರೂ ಒಂದೇ ಊರಲ್ಲಿ, ಒಂದೇ ಹೊತ್ತಿಗೆ ಇರಬೇಕೆಂದೂ ಇಲ್ಲ. ಬೆಳಗಾವಿಯಲ್ಲಿ ಬೆರಳಚ್ಚು ಯಂತ್ರ ಇರುವವರ ಹತ್ತಿರ ಅವರು ಒತ್ತಿದರೆ ಆಯಿತು. ಎರಡೂ ಕಡೆಯವರ ಜೊತೆ ಇಬ್ಬರು ಸಾಕ್ಷಿಗಳ ಆಧಾರ್, ಬೆರಳಚ್ಚೂ ಬೇಕು.

ಸಿಕ್ಕಿ ಬೀಳೋದು ಇಲ್ಲಿ. ವಯಸ್ಸಾದವರ ಬೆರಳ ಗೆರೆ ಸವೆದಿರುತ್ತದೆ, ಹೆಬ್ಬೆರಳು ಹಿಡಿಯದಿದ್ದರೆ ಬೇರೆ ಬೆರಳು ಇಡಿಸಿ. ಕೈ ತೊಳೆದು ಒರೆಸಿ, ಒಣಗಿದ್ದರೆ ತುಸು ಎಣ್ಣೆ ಕೈ ಮಾಡಿ. ಆಧಾರ್‌ನಲ್ಲಿ ಬಯೋಮೆಟ್ರಿಕ್ ಲಾಕ್ ಮಾಡಿಟ್ಟಿದ್ದರೆ ಯಂತ್ರ ಎಷ್ಟು ಒತ್ತಿದರೂ ಬರುವುದಿಲ್ಲ, ಮೊದಲೇ ತೆಗೆಸಿ. ಎರಡನೆಯದು ನಮ್ಮವರ ಇನಿಶಿಯಲ್ಲು. ಪ್ಯಾನ್‌ನಲ್ಲಿ ಅಪ್ಪನ ಹೆಸರು ಪೂರ್ತಿ, ಆಧಾರ್‌ನಲ್ಲಿ ಒಂದೇ ಅಕ್ಷರ, ಇಂಡೆಕ್ಸ್ ಟೂನಲ್ಲಿ (ಮನೆಯ ಖರೀದಿ ಪತ್ರದ ಬಗ್ಗೆ ನೋಂದಣಿ ಇಲಾಖೆ ಕೊಡುವ ಸಾರಾಂಶ) ಅಡ್ಡಹೆಸರು ಮುಂದೆ! ಕರಾರಿನಲ್ಲಿ ಆಧಾರ್‌ನಲ್ಲಿದ್ದ ಹಾಗೇ ಬರೆಸಿ. ಮನೆಯ ಸರ್ವೆ ನಂಬರು, ವಿಸ್ತೀರ್ಣವನ್ನು ಏಜೆಂಟರ ಬಾಯಿಮಾತಿನಿಂದ ತುಂಬಬೇಡಿ, ಇಂಡೆಕ್ಸ್ ಟೂ ನೋಡಿ ತುಂಬಿ. ಅದರಲ್ಲಿರುವ ಹೆಸರೇ ಮನೆ ಕೊಡುತ್ತಿರುವವರದ್ದೂ ಆಗಿದೆಯಾ ಅನ್ನೋದು ಅಲ್ಲೇ ತಿಳಿಯುತ್ತದೆ. ದಂಪತಿ ಇಬ್ಬರ ಹೆಸರಲ್ಲಿದ್ದರೆ ಇಬ್ಬರ ಬೆರಳೂ ಬೇಕು.

ವಾಕಡ್ ಹೊಸಬ:
ಬಹಳ ಉಪಕಾರ ಆಯ್ತು. ಡಿಪಾಜಿಟ್ ವಾಪಸ್ ಬರುವ ಬಗ್ಗೆ ಕರಾರಿನಲ್ಲಿ ಏನು ಬರೆಸಬೇಕು?

ಶಿವಾಜಿನಗರ ವಕೀಲರು:
ಬಾಡಿಗೆದಾರ ಹೆಚ್ಚು ಜಾಗ್ರತೆ ವಹಿಸಬೇಕಾದ್ದು ಇಲ್ಲೇ. ಮನೆ ಬಿಡಿಸಲು ಮಾಲೀಕರಿಗೆ 24ನೇ ಕಲಂನ ಚುರುಕು ದಾರಿ ಇದೆ, ಡಿಪಾಜಿಟ್ ಬಿಡಿಸಲು ನಿಮಗೆ ಅಂಥದ್ದಿಲ್ಲ. ಆದ್ದರಿಂದ "ಮನೆ ಬಿಟ್ಟ ಮೇಲೆ ಹಿಂತಿರುಗಿಸಲಾಗುವುದು" ಎಂಬ ಸಡಿಲ ಸಾಲನ್ನು ತೆಗೆಸಿ, "ಕೀಲಿ ಒಪ್ಪಿಸುವ ಹೊತ್ತಿಗೇ, ಅದೇ ದಿನ, ಬ್ಯಾಂಕ್ ಮೂಲಕ" ಎಂದು ಬರೆಸಿ. ಯಾವುದಕ್ಕೆ ಹಣ ಹಿಡಿಯಬಹುದು ಎಂಬುದನ್ನೂ ಹೆಸರಿಸಿ: ಬಾಕಿ ಬಾಡಿಗೆ, ಬಾಕಿ ವಿದ್ಯುತ್ ಬಿಲ್ಲು, ಒಡೆದ ಸಾಮಾನು. ಬಣ್ಣದ ಖರ್ಚು ಕಡಿಯುತ್ತಾರೋ ಇಲ್ಲವೋ, ಎಷ್ಟು, ಅದೂ ಅಂಕಿಯಲ್ಲಿರಲಿ. ಜಗಳಗಳಲ್ಲಿ ಅರ್ಧ ಬಣ್ಣದ್ದೇ. ಲಾಕ್-ಇನ್ (ಇಂತಿಷ್ಟು ತಿಂಗಳು ಕರಾರು ಮುರಿಯುವಂತಿಲ್ಲ ಎಂಬ ಷರತ್ತು) ಇದ್ದರೆ ಇಬ್ಬರಿಗೂ ಇರಲಿ, ನೋಟಿಸು ಇಬ್ಬರಿಗೂ ಒಂದು ತಿಂಗಳು ಇರಲಿ. ಒಳಹೋಗುವ ದಿನ ಮಹಾವಿತರಣ (ಇಲ್ಲಿನ ವಿದ್ಯುತ್ ಕಂಪನಿ) ಮೀಟರಿನ ರೀಡಿಂಗು, ಗೋಡೆ, ನಲ್ಲಿ, ಗೀಸರು ಎಲ್ಲದರ ಫೋಟೋ ತೆಗೆದು ಮಾಲೀಕರಿಗೆ ಅವತ್ತೇ ಕಳಿಸಿ.

ಡಿಪಾಜಿಟ್ ನಗದಾಗಿ ಕೊಡಬೇಡಿ. ಬಾಡಿಗೆಗೆ ರಸೀದಿ ಕೇಳುವುದು ನಿಮ್ಮ ಹಕ್ಕು. ಮತ್ತೆ, ಜಗಳವಾದಾಗ ನೀರು, ಕರೆಂಟು ಕಡಿಸಲು ಮಾಲೀಕರಿಗೆ ಅಧಿಕಾರವಿಲ್ಲ.

ಸೊಸೈಟಿ ಲೆಕ್ಕ:
5,000ದ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲ. ಸಹಕಾರಿ ಗೃಹನಿರ್ಮಾಣ ಸೊಸೈಟಿಯಾದರೆ ಮಾದರಿ ಉಪವಿಧಿಗಳಲ್ಲಿ (ಬೈ-ಲಾ) ಬಾಡಿಗೆಗೆ ಕೊಡಲು ಅನುಮತಿಯೇ ಬೇಕಿಲ್ಲ. ಸದಸ್ಯರು ಮುಂಚಿತವಾಗಿ ತಿಳಿಸಿ, ಕರಾರಿನ ಪ್ರತಿ ಮತ್ತು ಪೊಲೀಸರಿಗೆ ಕೊಟ್ಟ ಬಾಡಿಗೆದಾರರ ಮಾಹಿತಿಯ ಪ್ರತಿ ಕೊಟ್ಟರೆ ಸಾಕು. ಸೊಸೈಟಿ ತೆಗೆದುಕೊಳ್ಳಬಹುದಾದ್ದು ನಾನ್-ಆಕ್ಯುಪೆನ್ಸಿ ಶುಲ್ಕ, ಅಂದರೆ ಸದಸ್ಯರು ತಾವು ಇರದೆ ಮನೆ ಬಾಡಿಗೆಗೆ ಕೊಟ್ಟಾಗಿನ ಶುಲ್ಕ. 2001ರ ಆಗಸ್ಟ್ 1ರ ಸರ್ಕಾರಿ ಆದೇಶದ ಪ್ರಕಾರ ಅದು ಸೇವಾ ಶುಲ್ಕದ 10% ಮೀರುವಂತಿಲ್ಲ. ಪೂರ್ತಿ ಮೇಂಟೆನೆನ್ಸ್ ಬಿಲ್ಲಿನ 10% ಅಲ್ಲ! ಬಿಲ್ಲು 3,500 ಇದ್ದು ಅದರಲ್ಲಿ ಸೇವಾ ಶುಲ್ಕ 2,000 ಆದರೆ, ತಿಂಗಳಿಗೆ 200. ಅದು ಸದಸ್ಯರ ಬಿಲ್ಲಿಗೆ, ಅಂದರೆ ಮಾಲೀಕರಿಗೆ ಬರುತ್ತದೆ. ನಿಮ್ಮ ಮೇಲೆ ಹಾಕುವುದಾದರೆ ಕರಾರಿನಲ್ಲಿ ಬರೆದಿರಬೇಕು.

ಆದರೆ ಮೊದಲು ಬಿಲ್ಲಿನ ತಲೆಬರಹ ನೋಡಿ. ಪುಣೆಯಲ್ಲಿ ಎಲ್ಲರೂ "ಸೊಸೈಟಿ" ಅಂದರೂ ಎಷ್ಟೋ ಕಟ್ಟಡಗಳು ಸೊಸೈಟಿ ಅಲ್ಲ, 1970ರ ಅಪಾರ್ಟ್‌ಮೆಂಟ್ ಒಡೆತನ ಕಾಯ್ದೆಯಡಿಯ ಕಾಂಡೊಮಿನಿಯಂ (ಫ್ಲ್ಯಾಟ್ ಮಾಲೀಕರ ಸಂಘ). ಅವಕ್ಕೆ ಈ 10%ರ ಆದೇಶ ಲಾಗೂ ಆಗುವುದಿಲ್ಲ, ಅವರ ಡೀಡ್ ಆಫ್ ಡಿಕ್ಲರೇಶನ್ (ಕಟ್ಟಡವನ್ನು ಆ ಕಾಯ್ದೆಯಡಿ ತಂದ ಘೋಷಣಾ ಪತ್ರ) ಮತ್ತು ಅದರ ಉಪವಿಧಿಗಳೇ ನಡೆಯುತ್ತವೆ. 5,000 ಯಾವ ಉಪವಿಧಿಯಡಿ ಎಂದು ಮಾಲೀಕರಿಂದ ಬರವಣಿಗೆಯಲ್ಲಿ ಕೇಳಿಸಿ. ರಸೀದಿ ಕೊಡುವುದಿಲ್ಲ ಅಂದರೆ ಹಣ ಕೊಡಬೇಡಿ.