ತೂಕ ಇಳಿಸೂವಾಗ ಎಣ್ಣಿ, ಶೇಂಗಾ, ತುಪ್ಪ ಎಷ್ಟು ತಿನ್ನಬೇಕು? ಇಳಿಸಿದವರು ಹೇಳ್ರಿ

ಹುಬ್ಬಳ್ಳಿ, ವಿದ್ಯಾನಗರದಿಂದ ಕೇಳಿದ್ದು:

ಎಲ್ಲಾರಿಗೂ ನಮಸ್ಕಾರ. ವಯಸ್ಸು ನಲವತ್ತರ ಮ್ಯಾಲೆ, ಶಾಲಿಯೊಳಗ ಟೀಚರ್ ಇದ್ದೀನಿ. ತೂಕ ಇಳಿಸಬೇಕಂತ ಎಣ್ಣಿ, ಶೇಂಗಾ ಚಟ್ನಿ, ತುಪ್ಪ ಎಲ್ಲಾ ಬಿಟ್ಟೀನಿ. ಒಣ ರೊಟ್ಟಿ, ನೀರಾಗ ಬೇಯಿಸಿದ ಪಲ್ಯಾ, ಮಜ್ಜಿಗಿ ಅಷ್ಟ. ಮೊದಲ ಸ್ವಲ್ಪ ಇಳೀತು, ಈಗ ಅಲ್ಲೇ ನಿಂತದ. ಸಂಜಿ ಶಾಲಿ ಬಿಡೂದ್ರೊಳಗ ಹೊಟ್ಟಿ ಚುರುಗುಟ್ಟಿ ಕೈಗೆ ಸಿಕ್ಕಿದ್ದು ತಿನ್ನೂ ಹಂಗ ಆಗ್ತದ. ವಿಡಿಯೋದಾಗ ಒಳ್ಳೆ ಕೊಬ್ಬು ತಿನ್ರಿ ಅಂತ ಆವಕಾಡೊ, ಆಲಿವ್ ಎಣ್ಣಿ ತೋರಸ್ತಾರ. ನಮ್ಮ ಅತ್ತಿಯವರು ಅಗಸಿ ಹಿಂಡಿ (ಅಗಸಿ ಚಟ್ನಿ ಪುಡಿ) ತಿನ್ನು ಅಂತಾರ. ತಿಂದ್ರ ತೂಕ ಏರೂದಿಲ್ಲೇನ್ರಿ?

ಧಾರವಾಡ, ಸಪ್ತಾಪುರ:

ಅಕ್ಕಾರ, ನಿಮ್ಮ ಅತ್ತಿಯವರ ಮಾತು ಖರೇ ಅದರಿ. ನಾನು ಇಳಿಸಿದ್ದು ಹಿಂಡಿ ಬಿಟ್ಟಲ್ಲ, ಕಡಾಯಿಗೆ ಸುರಿಯೂ ಎಣ್ಣಿಗೆ ಅಳತಿ ಹಚ್ಚಿ.

ಒಂದು ಗ್ರಾಂ ಕೊಬ್ಬಿನಾಗ 9 ಕ್ಯಾಲರಿ, ರೊಟ್ಟಿ-ಅನ್ನದ ಪಿಷ್ಟದಾಗ 4. ಅದಕ್ಕ ಕೈ ಬಿಗಿ ಹಿಡೀಬೇಕು ಅನ್ನೂದು ಖರೇನ. ಆದ್ರ ಪೂರಾ ಬಿಟ್ರ ನಿಮಗ ಆದಂಗ ಆಗ್ತದ. ಜಿಡ್ಡಿದ್ದ ಊಟ ಹೊಟ್ಟಿಯೊಳಗಿಂದ ಸಾವಕಾಶ ಇಳೀತದ, ಜಲ್ದಿ ಹಸಿವಾಗೂದಿಲ್ಲ. ಎ, ಡಿ, ಇ, ಕೆ ಜೀವಸತ್ವಗಳು ಮೈಗೆ ಹತ್ತೂದಕ್ಕೂ ಸ್ವಲ್ಪ ಎಣ್ಣಿ ಬೇಕು. ಮೆಂತ್ಯೆ, ಪಾಲಕ್ ಬರೇ ನೀರಾಗ ಕುದಿಸಿ ತಿಂದ್ರ ಅದರ ಸತ್ವ ಪೂರ್ತಿ ದಕ್ಕೂದಿಲ್ಲ.

ಇವತ್ತ ಮನಿ ಎಣ್ಣಿ ಲೆಕ್ಕ ತಗೀರಿ. ನಾಕು ಮಂದಿ ಇದ್ದ ಮನಿಯಾಗ ತಿಂಗಳಿಗೆ ನಾಕು ಲೀಟರ್ ಖರ್ಚಾದ್ರ ತಲಿಗೆ ದಿನಕ್ಕ ಸುಮಾರು 30 ಗ್ರಾಂ ಬಿತ್ತು, ಅಂದ್ರ 270 ಕ್ಯಾಲರಿ. ಇದು ಒಗ್ಗರಣಿ, ಪಲ್ಯಾ, ಚಪಾತಿಯೊಳಗ ಕೂತು ಹೋಗ್ತದ, ಯಾರ ಕಣ್ಣಿಗೂ ಬೀಳೂದಿಲ್ಲ. ನಮ್ಮ ಮನಿಯಾಗ ನಾಕು ಇದ್ದದ್ದನ್ನ ಎರಡೂವರಿಗೆ ತಂದ್ವಿ. ತಲಿಗೆ ದಿನಾ ಸುಮಾರು 100 ಕ್ಯಾಲರಿ ಉಳೀತು. ಆ ಉಳಿದ ಜಾಗಾದಾಗ ಎರಡು ಚಮಚಾ ಅಗಸಿ ಹಿಂಡಿ ಆರಾಮ ಕೂಡ್ತದ. ಕಡಾಯಿಯೊಳಗಿನ ಕೊಬ್ಬು ತಗದು ತಾಟಿನ ಬದಿಗೆ ತರೂದು, ನಾ ಹೇಳೂದು ಇಷ್ಟ.

ಬದನಿಕಾಯಿ ಎಣ್ಣಗಾಯಿ ಉದಾಹರಣಿ ತಗೋರಿ. ಮೊದಲ ಸೌಟಿನಿಂದ ಹಾಕ್ತಿದ್ವಿ, ಈಗ ಚಮಚಾದಿಂದ. ಕಾಯೊಳಗ ತುಂಬೂ ಶೇಂಗಾ, ಎಳ್ಳು, ಗುರೆಳ್ಳು ಪುಡಿ ತಾವ ಎಣ್ಣಿ ಬಿಡ್ತಾವ. ಸಣ್ಣ ಉರಿ ಇಟ್ಟು, ಮ್ಯಾಲೆ ತಾಟು ಮುಚ್ಚಿ, ಆ ತಾಟಿನ್ಯಾಗ ನೀರು ಹಾಕಿ ಇಡ್ರಿ. ತಳ ಹತ್ತೂದಿಲ್ಲ, ಕಾಯಿ ಬೆಣ್ಣಿ ಹಂಗ ಬೇಯ್ತದ. ತೆಗೆಯೂವಾಗ ಬದಿಗೆ ಎಣ್ಣಿ ಬಿಟ್ಟಿದ್ದು ಕಾಣ್ತದ, ಅದು ಎಳ್ಳು-ಶೇಂಗಾದ್ದು.

ಅಗಸಿ ಹಿಂಡಿ ಮಾಡೂದು ನಿಮಗ ಗೊತ್ತಿದ್ದದ್ದ, ಆದ್ರೂ ಹೇಳ್ತೀನಿ. ಎಣ್ಣಿ ಹಾಕದ ಸಣ್ಣ ಉರಿಯಾಗ ಅಗಸಿ ಚಟಪಟ ಸಿಡಿಯೂತನಾ ಹುರೀರಿ. ಆರಿದ ಮ್ಯಾಲೆ ಬ್ಯಾಡಗಿ ಮೆಣಸಿನಕಾಯಿ, ಬಳ್ಳೊಳ್ಳಿ, ಜೀರಿಗಿ, ಚೂರು ಹುಣಸಿಹಣ್ಣು, ಉಪ್ಪು ಹಾಕಿ ಕುಟ್ರಿ. ಇಡೀ ಕಾಳು ತಿಂದ್ರ ಹಂಗ ಹೊರಗ ಹೋಗ್ತದ, ಪುಡಿ ಆಗಲೇಬೇಕು. ಅಗಸಿಯೊಳಗಿನ ಎಣ್ಣಿಯಾಗ ಅರ್ಧಕ್ಕಿಂತ ಹೆಚ್ಚು ಒಮೆಗಾ-3, ಅಂದ್ರ ಮೈ ತಾನ ಮಾಡ್ಕೊಳ್ಳದ, ಊಟದಿಂದನ ಬರಬೇಕಾದ ಒಳ್ಳೆ ಕೊಬ್ಬು. ಮೀನು ತಿನ್ನದ ನಮ್ಮಂಥ ಮನಿಗೆ ಇದು ದೊಡ್ಡ ಆಸರ. ಪುಡಿ ಜಲ್ದಿ ಕಮಟು ಹಿಡೀತದ, ಅದಕ್ಕ ವಾರಕ್ಕ ಬೇಕಾದಷ್ಟ ಮಾಡಿ ಬಿಗಿ ಡಬ್ಬಿಯೊಳಗ ಫ್ರಿಜ್ಜಿನ್ಯಾಗ ಇಡ್ರಿ.

ಆಲಿವ್ ಎಣ್ಣಿ ಛೊಲೊನ, ಆದ್ರ ಅದರಾಗ ಹೆಚ್ಚಿಗಿ ಇರೂ ಒಲೀಯಿಕ್ ಆಮ್ಲ ಅನ್ನೂ ಒಳ್ಳೆ ಕೊಬ್ಬು ನಮ್ಮ ಶೇಂಗಾ ಎಣ್ಣಿಯಾಗೂ ಸುಮಾರು ಅರ್ಧದಷ್ಟು ಅದ. ರೊಕ್ಕಾ ಸುರಿಯೂದು ಬ್ಯಾಡ.

ಗದಗ, ಬೆಟಗೇರಿ:

ಶೇಂಗಾ ಬಗ್ಗೆ ನಾ ಹೇಳ್ತೀನ್ರಿ. 30 ಗ್ರಾಂ, ಅಂದ್ರ ಒಂದು ಹಿಡಿ ಶೇಂಗಾದಾಗ ಸುಮಾರು 170 ಕ್ಯಾಲರಿ, 7 ಗ್ರಾಂ ಪ್ರೋಟೀನ್ ಐತಿ. ಹಿಡಿ ಅಂದ್ರ ಹಿಡೀನ. ಟಿವಿ ಮುಂದ ಡಬ್ಬಿ ಇಟ್ಕೊಂಡು ಕುಂತ್ರ ಯಾರ ಕೈನೂ ನಿಲ್ಲಂಗಿಲ್ಲ. ಬಟ್ಟಲಕ್ಕ ಹಾಕ್ಕೊಂಡು ಡಬ್ಬಿ ಮುಚ್ಚಿ ಒಳಗಿಟ್ಟು ಬರ್ರಿ. ಟೀಚರ್ ಅದೀರಿ, ಸಣ್ಣ ಡಬ್ಬಿಯಾಗ ಹುರದ ಶೇಂಗಾ, ಎರಡು ಸೌತಿಕಾಯಿ ಹೋಳು ಒಯ್ರಿ. ಮೂರುವರಿಗೆ ತಿಂದ್ರ ಮನಿಗೆ ಹೋಗೂ ದಾರ್‍ಯಾಗ ಮಿರ್ಚಿ ಭಜಿ ವಾಸನಿ ನಿಮ್ಮನ್ನ ಎಳಿಯಂಗಿಲ್ಲ. ನಮ್ಮೂರ ಮಂದಿಗೆ ಇದೊಂದು ಗೆದ್ರ ಅರ್ಧ ಕೆಲಸ ಆತು.

ಬೂಸರು ಬಂದದ್ದು, ಕಹಿ ಆದ ಕಾಳು ಆರಿಸಿ ಒಗೀರಿ. ಬೂಸರಿನ ವಿಷ ಲಿವರಿಗೆ ಕೆಟ್ಟದು, ಹುರದ್ರೂ ಪೂರಾ ಹೋಗಂಗಿಲ್ಲ. ಶೇಂಗಾ ಹೋಳಗಿ, ಉಂಡಿಯಾಗ ಬೆಲ್ಲಾನೂ ಐತಿ, ಅವನ್ನ ಹಬ್ಬಕ್ಕ ಬಿಡ್ರಿ.

ರಾಣೆಬೆನ್ನೂರು:

ನನಗೆ ಕೆಟ್ಟ ಕೊಲೆಸ್ಟ್ರಾಲ್ ಜಾಸ್ತಿ ಇತ್ತು, ಹಾಗಾಗಿ ತುಪ್ಪದ ಲೆಕ್ಕ ಕಲಿಯಲೇಬೇಕಾಯ್ತು. ತುಪ್ಪದಲ್ಲಿ ನೂರಕ್ಕೆ ಸುಮಾರು 60 ಭಾಗ, ಕೊಬ್ಬರಿ ಎಣ್ಣೆಯಲ್ಲಿ 80ಕ್ಕಿಂತ ಹೆಚ್ಚು ಭಾಗ ಸ್ಯಾಚುರೇಟೆಡ್ ಕೊಬ್ಬು, ಅಂದ್ರೆ ಕೆಟ್ಟ ಕೊಲೆಸ್ಟ್ರಾಲ್ ಏರಿಸುವ ಕೊಬ್ಬು. ದಿನದ ಕ್ಯಾಲರಿಯಲ್ಲಿ ಇದರ ಪಾಲು ನೂರಕ್ಕೆ 10 ದಾಟಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ನೀವು 1500 ಕ್ಯಾಲರಿ ಊಟ ಮಾಡುವವರಾದ್ರೆ ದಿನಕ್ಕೆ 16 ಗ್ರಾಂ ಆಯ್ತು. ದೊಡ್ಡ ಚಮಚ ತುಪ್ಪಕ್ಕೇ ಅದರ ಅರ್ಧ ಮುಗೀತದೆ, ಹಾಲು-ಮೊಸರಿನದು ಬೇರೆ. ಬಿಸಿ ಅನ್ನದ ಮೇಲೆ ಟೀ ಚಮಚದಷ್ಟು ಹಾಕ್ಕೊಳ್ಳಿ, ಸಾಕು.

ಗಾಣದ ಎಣ್ಣೆ ಎಷ್ಟು ಹಾಕಿದ್ರೂ ನಡೀತದೆ ಅಂತ ಸಂಬಂಧಿಕರು ಹೇಳ್ತಾರೆ, ನಂಬಬೇಡಿ. ರುಚಿ, ಪರಿಮಳ ನಿಜ, ನಾನೂ ಗಾಣದ ಕುಸುಬಿ ಎಣ್ಣೆ ತರ್ತೀನಿ. ಆದ್ರೆ ಕ್ಯಾಲರಿ ಪ್ಯಾಕೆಟ್ ಎಣ್ಣೆಯಷ್ಟೇ. ಬೇಕರಿ ಖಾರಿ, ಪಫ್ ಕೂಡ ನೋಡ್ಕೊಳ್ಳಿ. 2022ರ ಜನವರಿಯಿಂದ ಎಣ್ಣೆ, ವನಸ್ಪತಿಯಲ್ಲಿ ಹೃದಯಕ್ಕೆ ಕೆಟ್ಟದಾದ ಟ್ರಾನ್ಸ್ ಕೊಬ್ಬು ನೂರಕ್ಕೆ 2ಕ್ಕಿಂತ ಹೆಚ್ಚಿರಬಾರದು ಅಂತ ನಿಯಮ ಬಂದಿದೆ, ಒಳ್ಳೇದಾಯ್ತು. ಆದ್ರೂ ಖಾರಿಯ ಜಿಡ್ಡು, ಮೈದಾ ಎಲ್ಲಿಗೂ ಹೋಗಿಲ್ಲ.

ಹುಬ್ಬಳ್ಳಿ, ನವನಗರ:

ಒಂದು ಮಾತು ಅಷ್ಟ. ನಮ್ಮ ತಂಗಿ ಜಿಡ್ಡು ಪೂರಾ ಬಿಟ್ಟು ಭಾಳ ಜಲ್ದಿ ಇಳಿಸಿದ್ಲು, ಪಿತ್ತಕೋಶದಾಗ ಹರಳಾದವು. ತೂಕ ಸರ್ರನೆ ಇಳಿದ್ರ, ಊಟದಾಗ ಕೊಬ್ಬು ಇಲ್ದ ಪಿತ್ತಕೋಶ ಖಾಲಿ ಆಗದಿದ್ರ ಹಿಂಗ ಆಗೂ ಸಾಧ್ಯತಾ ಹೆಚ್ಚಂತ ಡಾಕ್ಟರ್ ಹೇಳಿದ್ರು. ವಾರಕ್ಕ ಅರ್ಧ ಕೆಜಿ ಇಳಿದ್ರೂ ಸಾಕ್ರಿ ಅಕ್ಕಾರ, ಅವಸರ ಮಾಡಬ್ಯಾಡ್ರಿ.

ವಿದ್ಯಾನಗರ:

ಎಲ್ಲಾರಿಗೂ ಭಾಳ ಉಪಕಾರ ಆತ್ರಿ. ಎಣ್ಣಿ ಕ್ಯಾನಿನ ಮ್ಯಾಲೆ ಇವತ್ತಿನ ತಾರೀಖು ಬರದೀನಿ, ಎಂದ ಮುಗೀತದ ನೋಡ್ತೀನಿ. ಇನ್ನೊಂದು: ಬೆಳಿಗ್ಗಿ ಥೈರಾಯ್ಡ್ ಗುಳಗಿ ತಗೋತೀನಿ. ಅಗಸಿ ಹಿಂಡಿ ನಾಷ್ಟಾದ ಜೋಡಿ ತಿನ್ನಬಹುದೇನ್ರಿ?

ಸಪ್ತಾಪುರ:

ನಾಷ್ಟಾದ ಜೋಡಿ ಬ್ಯಾಡ್ರಿ. ಅಗಸಿ ನಾರು ಗುಳಗಿ ಮೈಗೆ ಹತ್ತೂದನ್ನ ತಡೀಬಹುದು. ಮಧ್ಯಾಹ್ನ ರೊಟ್ಟಿ ಜೋಡಿ ತಿನ್ರಿ, ಮ್ಯಾಲೆ ನೀರು ಸಾಕಷ್ಟು ಕುಡೀರಿ. ಮನಿಯಾಗ ಯಾರಾರ ರಕ್ತ ತೆಳು ಮಾಡೂ ಗುಳಗಿ ತಗೋತಿದ್ರ, ಅವರಿಗೆ ಕೊಡೂ ಮುಂಚೆ ಡಾಕ್ಟರಿಗೆ ಕೇಳ್ರಿ.