ಓಬವ್ವ ಮಾತು ಕೇಳಿದವಳಾ, ತಿರುಗಿ ಬಿದ್ದವಳಾ?

ಕೋಟೆ ಕೆಳಗಿನ ಮನೆ:
ಮಗಳಿಗೆ ಒಂಬತ್ತನೇ ಕ್ಲಾಸು. ಶಾಲೆಯಲ್ಲಿ ಚರ್ಚಾ ಸ್ಪರ್ಧೆ ಇದೆ. ವಿಷಯ ಇದು: ‘ಆಳುವವರು ಅನ್ಯಾಯ ಮಾಡಿದರೆ ಪ್ರಜೆಗಳು ತಲೆಬಾಗಬೇಕೇ, ತಿರುಗಿ ಬೀಳಬೇಕೇ?’ ಭಾನುವಾರ ಅವಳನ್ನು ಸುಮ್ನೆ ನಮ್ಮ ಚಿತ್ರದುರ್ಗದ ಕೋಟೆಗೆ ಕರೆದುಕೊಂಡು ಹೋಗಿದ್ದೆ. ಒನಕೆ ಕಿಂಡಿ ಹತ್ತಿರ ಬ್ಯಾಗು ಕೆಳಗಿಟ್ಟು ಒಳಗೆ ತೂರಿ ನೋಡಿದಳು. ಒಂದು ಸಲಕ್ಕೆ ಒಬ್ಬರು, ಅದೂ ಮೈ ಹಿಡಿ ಮಾಡಿಕೊಂಡು. ಹೊರಗೆ ಬಂದವಳೇ ಕೇಳಿದಳು: "ಅಮ್ಮಾ, ಓಬವ್ವ ಯಾವ ಕಡೆ ಬರ್ತಾಳೆ? ಮಾತು ಕೇಳಿದವಳಾ, ತಿರುಗಿ ಬಿದ್ದವಳಾ?" ನಾನು ಹುಟ್ಟಿ ಬೆಳೆದಿದ್ದು ದುರ್ಗದಲ್ಲೇ. ಆ ಕಿಂಡಿ ಎಷ್ಟು ಸಲ ನೋಡಿದ್ದೀನೋ ಲೆಕ್ಕ ಇಲ್ಲ. ಈ ಪ್ರಶ್ನೆ ಮಾತ್ರ ಒಂದು ದಿನವೂ ಬಂದಿರಲಿಲ್ಲ. ನೀವೇನಂತೀರಿ?

ಪೀಬಿ ರೋಡ್:
ಅಕ್ಕ, ಇದರಲ್ಲಿ ಚರ್ಚೆ ಮಾಡೋಕೆ ಏನಿದೆ? ಬೇಲಿಯೇ ಎದ್ದು ಹೊಲ ಮೇಯ್ದರೆ ಬೇಲಿ ಕೀಳಬೇಕು ಅಷ್ಟೇ. ಮಹಾಭಾರತದ ಅನುಶಾಸನ ಪರ್ವದಲ್ಲೇ ಇದೆ. ಕಾಪಾಡ್ತೀನಿ ಅಂತ ಹೇಳಿ ಕಾಪಾಡದ ರಾಜನನ್ನು ಜನರೆಲ್ಲ ಸೇರಿ ಹುಚ್ಚುನಾಯಿಯನ್ನು ಹೊಡೆದ ಹಾಗೆ ಹೊಡೆದು ಹಾಕಬೇಕಂತೆ. ಹೇಳಿದ್ದು ಯಾರೋ ಕ್ರಾಂತಿಕಾರಿ ಅಲ್ಲ, ಭೀಷ್ಮ. ಇನ್ನು ಪಕ್ಕದ ಶಿಕಾರಿಪುರ ತಾಲ್ಲೂಕಿನ ಈಸೂರು ನೋಡಿ. 1942ರಲ್ಲಿ ‘ಏಸೂರು ಕೊಟ್ಟರೂ ಈಸೂರು ಕೊಡೆವು’ ಅಂತ ಹೇಳಿ ತಮ್ಮದೇ ಸರ್ಕಾರ ಮಾಡಿಕೊಂಡರು. ಮಗಳಿಗೆ ಇದನ್ನೇ ಬರೆದುಕೊಡಿ, ಮೊದಲ ಬಹುಮಾನ ಗ್ಯಾರಂಟಿ.

ಚಾಕ್‌ಪೀಸ್:
ತಮ್ಮಾ, ಭೀಷ್ಮ ಹೇಳಿದ್ದು ನಿಜ. ಆದರೆ ಮನುಸ್ಮೃತಿ ತೆಗೆದರೆ ರಾಜ ಮಗುವಾಗಿದ್ದರೂ ಸಾಮಾನ್ಯ ಮನುಷ್ಯ ಅಂತ ಕಡೆಗಣಿಸಬೇಡ, ಅವನು ಮನುಷ್ಯ ರೂಪದ ದೇವತೆ ಅಂತ ಇದೆ. ಹಳಬರು ಎರಡನ್ನೂ ಹೇಳಿಟ್ಟು ಹೋಗಿದ್ದಾರೆ. ಯಾರಿಗೆ ಯಾವುದು ಬೇಕೋ ಅದು ಸಿಗುತ್ತೆ.

ಈಸೂರಿನ ಕತೆಯನ್ನು ಘೋಷಣೆಗೇ ನಿಲ್ಲಿಸಬೇಡ. ಅಲ್ಲಿ ಗಲಾಟೆಯಲ್ಲಿ ಅಮಲ್ದಾರರೂ ಸಬ್ ಇನ್‌ಸ್ಪೆಕ್ಟರೂ ಸತ್ತರು. ಆಮೇಲೆ ಪೊಲೀಸರು, ಮಿಲಿಟರಿ ಊರಿಗೆ ನುಗ್ಗಿದರು. ಜನ ಕಾಡು ಸೇರಿದರು. 1943ರ ಮಾರ್ಚ್‌ನಲ್ಲಿ ಐದು ಜನರಿಗೆ ಗಲ್ಲು. ಅವರು ದೊಡ್ಡವರೇ, ನಾನು ಕೈ ಮುಗಿಯುತ್ತೇನೆ. ಆದರೆ ಒಂಬತ್ತನೇ ಕ್ಲಾಸಿನ ಹುಡುಗಿ ಲೆಕ್ಕವನ್ನು ಪೂರ್ತಿ ನೋಡಲಿ.

ಓಬವ್ವನ ವಿಷಯಕ್ಕೆ ಬಂದರೆ, ಅವಳ ಮುಂದೆ ಇದ್ದದ್ದು ಹೈದರಾಲಿಯ ಸೈನಿಕರು. ಗಂಡ ಊಟಕ್ಕೆ ಬಂದಿದ್ದ, ಇವಳು ನೀರಿಗೆ ಹೋಗಿದ್ದಳು. ಕಿಂಡಿಯಿಂದ ಒಬ್ಬೊಬ್ಬರೇ ತೂರಿ ಬರುವುದು ಕಂಡಳು. ಮದಕರಿನಾಯಕ ಒಳ್ಳೆಯ ರಾಜನೋ ಕೆಟ್ಟವನೋ ಅಂತ ಯೋಚನೆ ಮಾಡುವ ಹೊತ್ತಾ ಅದು? ಬಂದವರು ಮೊದಲು ನುಗ್ಗುವುದು ಅವಳ ಮನೆಗೇ.

ತುದಿ ನಾಲೆ:
ಮೇಷ್ಟ್ರು ಹೇಳಿದ್ದು ಸರಿ. ಒಂದು ಮಾತು ಸೇರಿಸ್ತೀನಿ. 1779ರಲ್ಲಿ ದುರ್ಗ ಬಿದ್ದ ಮೇಲೆ ನಾಯಕನೊಬ್ಬನನ್ನೇ ಶ್ರೀರಂಗಪಟ್ಟಣಕ್ಕೆ ಒಯ್ಯಲಿಲ್ಲ. ಇಪ್ಪತ್ತು ಸಾವಿರ ಜನರನ್ನು ಎಬ್ಬಿಸಿಕೊಂಡು ಹೋದರು ಅಂತ ಹಳೇ ಗ್ಯಾಸೆಟಿಯರ್‌ನಲ್ಲಿ ಇದೆ. ರಾಜನಿಗೆ ನಿಷ್ಠರಾಗಿ ಇದ್ದದ್ದಕ್ಕೂ ಬೆಲೆ ಕೊಟ್ಟವರು ಜನವೇ. ತಲೆಬಾಗಿದರೆ ಖರ್ಚಿಲ್ಲ ಅಂತ ಯಾರೂ ತಿಳಿಯಬೇಡಿ.

ಕರಿಕೋಟು:
ನೀವೆಲ್ಲ ರಾಜರ ಕಾಲದಲ್ಲೇ ಓಡಾಡ್ತಿದ್ದೀರಿ. ಆಗ ಬೇರೆ ದಾರಿ ಇರಲಿಲ್ಲ. ಈಗ ಐದು ವರ್ಷಕ್ಕೊಮ್ಮೆ ಓಟು ಇದೆ, ಕೋರ್ಟು ಇದೆ. ಅಂಬೇಡ್ಕರ್ 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಇದನ್ನು ಬಿಡಿಸಿ ಹೇಳಿದರು. ಸಂವಿಧಾನದ ದಾರಿ ಇಲ್ಲದಾಗ ಬೇರೆ ದಾರಿ ಹಿಡಿದದ್ದಕ್ಕೆ ಅರ್ಥ ಇತ್ತು, ಆ ದಾರಿ ತೆರೆದ ಮೇಲೆ ರಕ್ತಪಾತದ ಜೊತೆ ಅಸಹಕಾರ, ಸತ್ಯಾಗ್ರಹವನ್ನೂ ಬಿಡಬೇಕು, ಇಲ್ಲದಿದ್ದರೆ ಅದು ಅರಾಜಕತೆಯ ವ್ಯಾಕರಣ ಆಗುತ್ತೆ ಅಂದರು. ಇಷ್ಟು ಅನ್ಯಾಯ ಉಂಡ ಮನುಷ್ಯ ಹೀಗೆ ಹೇಳಿದಾರೆ ಅಂದರೆ ಸ್ವಲ್ಪ ನಿಂತು ಕೇಳಬೇಕಲ್ವಾ?

ತುದಿ ನಾಲೆ:
ಲಾಯರ್ ಸಾಹೇಬ್ರೇ, ನಿಮ್ಮ ಕೋರ್ಟಿನ ದಾರಿ ನಾನು ಸವೆಸಿದ್ದೀನಿ. ನಮ್ಮದು ಭದ್ರಾ ನಾಲೆಯ ಕೊನೆ ಭಾಗ. ನೀರು ಬಿಟ್ಟಿದ್ದಾರೆ ಅಂತ ಪೇಪರ್‌ನಲ್ಲಿ ಬರುತ್ತೆ, ನಮ್ಮ ತೂಬಿಗೆ ಬರಲ್ಲ. ನಾಟಿ ಮಾಡಿದ ಗದ್ದೆ ಬಿರುಕು ಬಿಟ್ಟು, ಬಿರುಕಿನಲ್ಲಿ ಕೈ ಇಟ್ಟರೆ ಮಣಿಕಟ್ಟಿನವರೆಗೆ ಹೋಗ್ತಿತ್ತು. ಅರ್ಜಿ ಕೊಟ್ವಿ. ಕಚೇರಿ ಕಚೇರಿ ಅಲೆದ್ವಿ. ಕೊನೆಗೆ ಒಂದು ದಿನ ಹೈವೇಗೆ ಟ್ರ್ಯಾಕ್ಟರ್ ಅಡ್ಡ ನಿಲ್ಲಿಸಿದ್ವಿ. ಮೂರನೇ ದಿನ ನೀರು ಬಂತು. ಜೊತೆಗೆ ಕೇಸೂ ಬಂತು, ಆಗಿನ ಐಪಿಸಿ ಸೆಕ್ಷನ್ 143, 341, 283: ಅಕ್ರಮ ಕೂಟ, ಅಡ್ಡಗಟ್ಟಿದ್ದು, ರಸ್ತೆ ತಡೆ. ನಾಲ್ಕು ವರ್ಷ ವಾಯಿದೆಗೆ ಹೋದೆ. ಬೆಳಗ್ಗೆ ಹತ್ತಕ್ಕೆ ಹೋಗೋದು, ಕಾರಿಡಾರಿನಲ್ಲಿ ಗೋಡೆಗೆ ಒರಗಿ ನಿಲ್ಲೋದು, ಹೆಸರು ಕೂಗಿದಾಗ ‘ಇದ್ದೀನಿ ಸ್ವಾಮಿ’ ಅನ್ನೋದು, ಮುಂದಿನ ತಾರೀಖು ಬರೆದುಕೊಂಡು ಬರೋದು. ಸಂವಿಧಾನದ ದಾರಿ ಇದೆ, ಇಲ್ಲ ಅನ್ನಲ್ಲ. ಆದರೆ ಭತ್ತ ವಾಯಿದೆ ಕೇಳಲ್ಲ.

ಪೀಬಿ ರೋಡ್:
ಸಖತ್ ಅಣ್ಣ! ಇದನ್ನೇ ನಾನು ಹೇಳ್ತಿರೋದು.

ತುದಿ ನಾಲೆ:
ತಾಳಪ್ಪ, ಪೂರ್ತಿ ಕೇಳು. ಅವತ್ತು ನಮ್ಮ ಟ್ರ್ಯಾಕ್ಟರ್ ಹಿಂದೆ ಹಿರಿಯೂರು ಕಡೆಯ ಸೇವಂತಿಗೆ ಟೆಂಪೋ ಸಿಕ್ಕಿಹಾಕಿಕೊಂಡಿತ್ತು. ಬಿಸಿಲಿಗೆ ಹೂವು ಬಾಡ್ತಾ ಇತ್ತು. ಅವನು ಒಂದು ಮಾರು ಹರಿದುಕೊಂಡು ಬಂದು ನನ್ನ ಮುಖಕ್ಕೆ ಹಿಡಿದ. "ನಿಮ್ಮ ಗದ್ದೆ ಒಣಗಿದರೆ ನನ್ನ ಹೂವು ಯಾಕೆ ಒಣಗಬೇಕು?" ನನ್ನ ಹತ್ತಿರ ಉತ್ತರ ಇರಲಿಲ್ಲ. ಇವತ್ತಿಗೂ ಇಲ್ಲ. ಇನ್ನೊಂದು ವಿಷಯ, ನಮ್ಮ ನೀರು ಕದ್ದದ್ದು ಸರ್ಕಾರ ಒಂದೇ ಅಲ್ಲ. ಮೇಲ್ಭಾಗದಲ್ಲಿ ನಾಲೆಗೇ ಪಂಪ್‌ಸೆಟ್ ಇಟ್ಟವರೂ ನಮ್ಮಂಥ ರೈತರೇ. ತುದಿಯಲ್ಲಿ ಇರುವವನಿಗೆ ಮೇಲಿನ ಗದ್ದೆಯವನೇ ದೊರೆ.

ಚಾಕ್‌ಪೀಸ್:
ಈ ಸೇವಂತಿಗೆ ಮಾತು ಕೇಳಿ ನಗರ ದಂಗೆ ನೆನಪಾಯಿತು. ನಗರ ಅಂದರೆ ಶಿವಮೊಗ್ಗ ಕಡೆಯ ಹಳೇ ಬಿದನೂರು. ಸ್ವಲ್ಪ ಉದ್ದ ಆಗುತ್ತೆ, ಸಹಿಸಿಕೊಳ್ಳಿ. ನಮ್ಮ ಚನ್ನಗಿರಿ, ಹೊನ್ನಾಳಿ ಕಡೆಗೂ ಹಬ್ಬಿದ ದಂಗೆ ಅದು. ಆದರೂ ನಮ್ಮ ಮಕ್ಕಳಿಗೆ ಗೊತ್ತಿರೋದು ಕಮ್ಮಿ.

1830. ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ್. ಕಂದಾಯಕ್ಕೆ ಶರತ್ತು ಅಂತ ಒಂದು ಪದ್ಧತಿ ಇತ್ತು. ಅಮಲ್ದಾರ ‘ಇಷ್ಟು ಹಣ ಎತ್ತಿಕೊಡ್ತೀನಿ’ ಅಂತ ಮೊದಲೇ ಒಪ್ಪಿಕೊಳ್ಳಬೇಕು. ಕಮ್ಮಿ ಬಿದ್ದರೆ ಕೈಯಿಂದ ತುಂಬಬೇಕು. ಯಾವ ಅಮಲ್ದಾರ ಕೈಯಿಂದ ತುಂಬ್ತಾನೆ? ರೈತನನ್ನು ಹಿಂಡುತ್ತಾನೆ. ಕಂದಾಯ ಸಾಲದು ಅಂತ ಚಿಲ್ಲರೆ ತೆರಿಗೆಗಳು ಬೇರೆ. ಮದುವೆಗೆ ತೆರಿಗೆ, ಮಗು ಹುಟ್ಟಿದರೆ ತೆರಿಗೆ, ಹೆಸರಿಟ್ಟರೆ ತೆರಿಗೆ, ಅದರ ತಲೆಗೂದಲು ತೆಗೆಸಿದರೂ ತೆರಿಗೆ. ಇದು ತಮಾಷೆಗೆ ಹೇಳಿದ್ದಲ್ಲ, ದಾಖಲೆಯಲ್ಲಿ ಇದೆ.

ರೈತರು ಮೊದಲು ಕತ್ತಿ ಹಿಡಿಯಲಿಲ್ಲ. ಕೂಟ ಸೇರಿದರು. ಕಂದಾಯ ಕೊಡಲ್ಲ ಅಂದರು. ಕೇಳುವವರು ಯಾರೂ ಇರಲಿಲ್ಲ. ಅಷ್ಟರಲ್ಲಿ ಬೂದಿ ಬಸವಪ್ಪ ಅಂತ ಒಬ್ಬ, ನಾನೇ ನಗರದ ರಾಜವಂಶದವನು ಅಂತ ಮುಂದೆ ಬಂದ. ದಂಗೆ ಶುರುವಾಯಿತು. ರಾಜನ ಕೈಲಿ ಆಗಲಿಲ್ಲ, ಬ್ರಿಟಿಷ್ ಪಡೆ ಬಂದು ಅಡಗಿಸಿತು. ಅದೇ ನೆಪ ಹಿಡಿದು 1831ರಲ್ಲಿ ಬ್ರಿಟಿಷ್ ಗವರ್ನರ್ ಜನರಲ್ ಬೆಂಟಿಂಕ್ ಇಡೀ ಮೈಸೂರಿನ ಆಡಳಿತವನ್ನೇ ಕಿತ್ತುಕೊಂಡ. ಆಮೇಲೆ ವಿಚಾರಣೆಗೆ ಸಮಿತಿ ಕೂತಿತು. ದುರಾಡಳಿತ ಇದ್ದದ್ದು ನಿಜ, ರೈತರ ಗೋಳು ನಿಜ ಅಂತ 1833ರಲ್ಲಿ ವರದಿ ಕೊಟ್ಟಿತು.

ಅಂದರೆ ರೈತರು ಹೇಳಿದ್ದು ಸರಿ ಅಂತ ಆಯಿತು. ರಾಜ್ಯ ಮಾತ್ರ ಪರದೇಶದವರ ಕೈಗೆ ಹೋಯಿತು. ಒಡೆಯರ ಮನೆತನಕ್ಕೆ ವಾಪಸ್ ಬಂದದ್ದು 1881ರಲ್ಲಿ. ಐವತ್ತು ವರ್ಷ!

ಪೀಬಿ ರೋಡ್:
ಆ ತೆರಿಗೆಗಳು ಏನಾದವು ಸರ್?

ಚಾಕ್‌ಪೀಸ್:
ಅದೇ ನೋಡು ಗಂಟು. ಮೈಸೂರು ಆಳೋಕೆ ಬ್ರಿಟಿಷ್ ಕಮಿಷನರ್ ಆಗಿ ಬಂದ ಕಬ್ಬನ್ ಕಾಲದಲ್ಲಿ 769 ಚಿಲ್ಲರೆ ತೆರಿಗೆ ರದ್ದಾದವು. ದಂಗೆ ಸೋತಿತು, ತೆರಿಗೆ ಹೋಯಿತು, ದೊರೆಯೂ ಹೋದ. ಗೆದ್ದವರು ಯಾರು ಅಂತ ಪ್ರತಿ ವರ್ಷ ಕ್ಲಾಸಿನಲ್ಲಿ ಕೇಳ್ತೀನಿ. ಪ್ರತಿ ವರ್ಷ ಅರ್ಧ ಕ್ಲಾಸು ಒಂದು ಕಡೆ, ಅರ್ಧ ಇನ್ನೊಂದು ಕಡೆ. ನನಗಂತೂ, ಮುಂದೆ ಯಾರು ಕೂರ್ತಾರೆ ಅಂತ ಯೋಚಿಸದೆ ಕೂತವನನ್ನು ಇಳಿಸೋದು ಅಪಾಯ ಅನ್ನಿಸುತ್ತೆ.

ಕೋಟೆ ಕೆಳಗಿನ ಮನೆ:
ಹಾಗಾದರೆ ತಪ್ಪು ರೈತರದ್ದಾ ಸರ್? ಕೂಟ ಸೇರಿದಾಗಲೇ ರಾಜ ಕೇಳಿಸಿಕೊಂಡಿದ್ದರೆ ಬೂದಿ ಬಸವಪ್ಪನಿಗೆ ಕೆಲಸ ಎಲ್ಲಿರ್ತಿತ್ತು?

ಚಾಕ್‌ಪೀಸ್:
ಮೇಡಂ, ಒಪ್ಪಿದೆ. ಕಿವುಡು ಮೊದಲು, ದಂಗೆ ಆಮೇಲೆ.

ಕರಿಕೋಟು:
ನಾನೂ ಒಂದು ಹೆಜ್ಜೆ ಹಿಂದೆ ಸರಿಯುತ್ತೇನೆ. ನಮ್ಮ ತುರುವನೂರು ಇದೆಯಲ್ಲ, ದುರ್ಗದ ಪಕ್ಕ. 1939ರಲ್ಲಿ ಅಲ್ಲಿ ಅರಣ್ಯ ಸತ್ಯಾಗ್ರಹ ಆಯಿತು. ನಿಜಲಿಂಗಪ್ಪನವರ ಮುಂದಾಳತ್ವ. ಈಚಲು ಮರ ಕಡಿದರು. ಈಚಲು ಅಂದರೆ ಹೆಂಡ, ಹೆಂಡ ಅಂದರೆ ಸರ್ಕಾರದ ಬೊಕ್ಕಸ. ಕಾನೂನು ಮುರಿದರು, ಆದರೆ ಹಾಡಹಗಲಲ್ಲಿ ಮುರಿದರು. ಕೊಡಲಿ ಬಿದ್ದದ್ದು ಮರಕ್ಕೆ, ಯಾರ ತಲೆಗೂ ಅಲ್ಲ. ಮುಂದೆ ಅದೇ ನಿಜಲಿಂಗಪ್ಪ ಇದೇ ರಾಜ್ಯದ ಮುಖ್ಯಮಂತ್ರಿ ಆದರು! ದಂಗೆ ಬೇರೆ, ಇದು ಬೇರೆ. ಮುರಿದವನು ಓಡಿಹೋಗ್ತಾನಾ, ನಿಂತು ಹೆಸರು ಹೇಳ್ತಾನಾ, ಅದನ್ನು ನೋಡಬೇಕು.

ತುದಿ ನಾಲೆ:
ನಾನೂ ಸ್ಟೇಷನ್ನಿನಲ್ಲಿ ಹೆಸರು ಹೇಳಿದೆ. ಅಪ್ಪನ ಹೆಸರು, ಸರ್ವೆ ನಂಬರು ಎಲ್ಲ ಹೇಳಿದೆ.

ಕರಿಕೋಟು:
ಹಾಗಿದ್ದರೆ ನೀವು ತುರುವನೂರಿನ ಕಡೆಯವರು ಅಣ್ಣ. ಆ ಟೆಂಪೋದವನ ಮಾತು ಮಾತ್ರ ನಿಮ್ಮ ಲೆಕ್ಕದಲ್ಲಿ ಬಾಕಿ.

ಓಟಿನ ದಾರಿಯೂ ಸುಳ್ಳಲ್ಲ. 1980ರಲ್ಲಿ ನರಗುಂದ, ನವಲಗುಂದದಲ್ಲಿ ಮಲಪ್ರಭಾ ನೀರಾವರಿ ಕರದ ವಿರುದ್ಧ ರೈತರು ಎದ್ದರು, ಗೋಲಿಬಾರ್ ಆಯಿತು. 1983ರ ಚುನಾವಣೆಯಲ್ಲಿ ಆಗ ಆಳುತ್ತಿದ್ದ ಕಾಂಗ್ರೆಸ್ ರಾಜ್ಯದಲ್ಲಿ ಮೊದಲ ಸಲ ಅಧಿಕಾರ ಕಳೆದುಕೊಂಡಿತು. ಮೂರು ವರ್ಷ ಹಿಡಿಯಿತು, ನಿಜ.

ಹಳೇ ಗುಮಾಸ್ತ:
ನಾನು ಇಂಥ ಕಡೆ ಬರೆಯುವವನಲ್ಲ. ಮೊಮ್ಮಗ ಟೈಪ್ ಮಾಡಲು ಕಲಿಸಿದ್ದಾನೆ. ನೀವೆಲ್ಲ ಎದ್ದವರ ಮಾತಾಡ್ತಿದ್ದೀರಿ. ನಾನು ತಲೆಬಾಗಿದವನು. ನನ್ನದೂ ಇರಲಿ.

1976. ತುರ್ತು ಪರಿಸ್ಥಿತಿ. ನಾನಾಗ ಎರಡನೇ ದರ್ಜೆ ಗುಮಾಸ್ತ, ಮದುವೆ ಆಗಿ ಎರಡು ವರ್ಷ. ಒಬ್ಬೊಬ್ಬ ನೌಕರನೂ ಇಷ್ಟು ಜನರನ್ನು ಆಪರೇಷನ್ ಕ್ಯಾಂಪಿಗೆ ಕರೆತರಬೇಕು ಅಂತ ಗುರಿ ಹಾಕಿದ್ದರು. ಮಕ್ಕಳಾಗದ ಹಾಗೆ ಮಾಡುವ ಆಪರೇಷನ್. ನನ್ನ ಪಾಲಿಗೆ ಐದು. ನಾಲ್ಕು ಹೇಗೋ ಆಯಿತು. ಸಂಬಳ ನಿಲ್ಲಿಸ್ತೀವಿ ಅಂತ ಸಾಹೇಬರು ಹೇಳ್ತಾ ಇದ್ದರು. ಆಗ ಒಬ್ಬ ಹಮಾಲಿ ರೇಷನ್ ಕಾರ್ಡಿಗೆ ಬಂದ. ಒಂದೇ ಹೆಣ್ಣು ಮಗು ಅವನಿಗೆ. ನಾನು ಬೈಯಲಿಲ್ಲ, ಬೆದರಿಸಲಿಲ್ಲ. ಅವನ ಕಾರ್ಡು ರೆಡಿ ಇತ್ತು. ಅದನ್ನು ಡ್ರಾಯರ್‌ನಲ್ಲಿ ಇಟ್ಟು ಬೀಗ ಹಾಕಿದೆ, ಅಷ್ಟೇ. ಮೂರು ಸಲ ಬಂದ. ನಾಲ್ಕನೇ ಸಲ ತಾನೇ ಕೇಳಿದ, "ಕ್ಯಾಂಪಿಗೆ ಹೋದರೆ ಕಾರ್ಡು ಕೊಡ್ತೀರಾ ಸ್ವಾಮಿ?" ನಾನು ಹೂಂ ಅಂದೆ.

ಪೀಬಿ ರೋಡ್:
ನೀವು ಬೇರೆ ಏನು ಮಾಡೋಕೆ ಆಗ್ತಿತ್ತು ಅಜ್ಜಾ? ಕೆಲಸ ಹೋಗ್ತಿತ್ತು.

ಹಳೇ ಗುಮಾಸ್ತ:
ನಾನೂ ಹಾಗೇ ಅಂದುಕೊಂಡಿದ್ದೆ. ನನ್ನ ಪಕ್ಕದ ಟೇಬಲ್ಲಿನವನು ಒಬ್ಬರನ್ನೂ ಕರೆತರಲಿಲ್ಲ. ಪಟ್ಟಿಯಲ್ಲಿ ಸೊನ್ನೆ ಬರೆದು ಸಹಿ ಹಾಕಿ ಕೊಟ್ಟ. ಭಾಷಣ ಇಲ್ಲ, ಘೋಷಣೆ ಇಲ್ಲ. ಒಂದು ತಿಂಗಳು ಸಂಬಳ ತಡವಾಯಿತು. ಆಮೇಲೆ ಇದೇ ಜಿಲ್ಲೆಯ ಮೊಳಕಾಲ್ಮೂರಿಗೆ ಎತ್ತಂಗಡಿ. ಅಷ್ಟೇ ಆಗಿದ್ದು.

ತುದಿ ನಾಲೆ:
ಮೊಳಕಾಲ್ಮೂರು!

ಹಳೇ ಗುಮಾಸ್ತ:
ಹೌದು. ನಾನು ಹೆದರಿದ್ದು ಮೊಳಕಾಲ್ಮೂರಿಗೆ.

ಕೋಟೆ ಕೆಳಗಿನ ಮನೆ:
ಎಲ್ಲ ಮಗಳಿಗೆ ಓದಿ ಹೇಳಿದೆ. ಸೇವಂತಿಗೆ ಟೆಂಪೋ ಹತ್ತಿರ ಸುಮ್ಮನಾದಳು. ಡ್ರಾಯರ್ ಹತ್ತಿರ ಬಂದಾಗ "ಆ ಹಮಾಲಿ ಆಮೇಲೆ ಏನಾದ?" ಅಂತ ಕೇಳಿದಳು. ಇನ್ನೊಂದು ವಿಷಯ ಹೇಳೋದು ಮರೆತೆ. ಶಾಲೆಯಲ್ಲಿ ಚೀಟಿ ಎತ್ತಿಸಿದರಂತೆ. ಇವಳಿಗೆ ಬಂದಿರೋದು ‘ತಲೆಬಾಗಬೇಕು’ ಅನ್ನೋ ಕಡೆ. ಬದಲಾಯಿಸಲ್ಲ ಅಂದಿದ್ದಾರೆ.

ಪೀಬಿ ರೋಡ್:
ಹಹ್ಹಾ, ಚೀಟಿ ವಿರುದ್ಧವೇ ತಿರುಗಿ ಬೀಳಲಿ ಅಕ್ಕ!

ಚಾಕ್‌ಪೀಸ್:
ಬೇಡ ಬೇಡ, ಆ ಕಡೆಯೇ ಮಾತಾಡಲಿ. ಅದೇ ಕಷ್ಟದ ಕಡೆ.

ಹಳೇ ಗುಮಾಸ್ತ:
ತಾಯೀ, ಅವನು ಕಾರ್ಡು ತಗೊಂಡು ಹೋದವನು ಮತ್ತೆ ನನ್ನ ಟೇಬಲ್ಲಿಗೆ ಬರಲಿಲ್ಲ. ಪೇಟೆಯಲ್ಲಿ ಒಂದೆರಡು ಸಲ ಕಂಡ, ಚೀಲ ಹೊತ್ತಿದ್ದ. ನಾನೇ ಆ ಕಡೆ ದಾಟಿದೆ.

ಮಗುವಿನ ಭಾಷಣಕ್ಕೆ ಪಾಯಿಂಟು ನಾನು ಬರೆದುಕೊಡ್ತೀನಿ. ಮೇಲಿನವರ ಆದೇಶ, ಹೆಂಡತಿ ಮಕ್ಕಳು, ನಾನು ಮಾಡದಿದ್ದರೆ ಇನ್ನೊಬ್ಬ ಮಾಡ್ತಾನೆ, ಎಲ್ಲರೂ ಎದ್ದರೆ ಊರು ಉಳಿಯುತ್ತಾ. ಐವತ್ತು ವರ್ಷದಿಂದ ನನಗೆ ನಾನೇ ಹೇಳಿಕೊಂಡು ಬಾಯಿಪಾಠ ಆಗಿದೆ. ಎಷ್ಟು ನಿಮಿಷದ ಭಾಷಣ?

ಕೋಟೆ ಕೆಳಗಿನ ಮನೆ:
ಮೂರು ನಿಮಿಷ ಸರ್. ಶುಕ್ರವಾರದ ಒಳಗೆ ಬೇಕು.